ಲೆಕ್ಕ ಯಾರಿಗೆ ಒಪ್ಪಿಸಬೇಕು: ಕಡುಬಡವರ ಮನೆಬಾಗಿಲಿಗೆ ಹೋಗುವ ಕ್ರೈಸ್ತ ಸೇವಾಯಾತ್ರೆ



ಕಡುಬಡತನದಲ್ಲಿರುವ ಕುಟುಂಬಗಳ ಸೇವೆಗೆಂದು ಕ್ರೈಸ್ತ ಸಭೆಗಳು ಕೈಗೊಳ್ಳುವ ಅಲ್ಪಾವಧಿಯ ಮಿಷನ್ ಯಾತ್ರೆಗಳ ಬಗ್ಗೆ ಇಂದು ಮಾತನಾಡಬೇಕೆಂದಿದ್ದೇನೆ. ಅಮೆರಿಕ ಒಂದರಿಂದಲೇ ವರ್ಷಕ್ಕೆ ಸುಮಾರು 16 ಲಕ್ಷ ಚರ್ಚ್ ಸದಸ್ಯರು ಇಂಥ ಯಾತ್ರೆಗಳಿಗೆ ಹೊರದೇಶಕ್ಕೆ ಹೋಗುತ್ತಾರೆಂದು ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ 2009ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಂದಾಜು ಕೊಟ್ಟಿದ್ದಾರೆ. ಮೆಕ್ಸಿಕೊ, ಗ್ವಾಟೆಮಾಲ, ಹೊಂಡುರಾಸ್, ಹೈಟಿ, ಕೆನ್ಯಾ, ಫಿಲಿಪೀನ್ಸ್ ಎಂದು ಹೋದವರು ಒಂದು ವಾರ, ಹೆಚ್ಚೆಂದರೆ ಎರಡು ವಾರ ಇರುತ್ತಾರೆ. ಮನೆ ಕಟ್ಟುತ್ತಾರೆ, ಶಾಲೆಯ ಗೋಡೆಗೆ ಬಣ್ಣ ಬಳಿಯುತ್ತಾರೆ, ವೈದ್ಯಕೀಯ ಶಿಬಿರ ನಡೆಸುತ್ತಾರೆ, ಮಕ್ಕಳನ್ನು ಕೂರಿಸಿಕೊಂಡು ಬೈಬಲ್ ಕಥೆ ಹೇಳಿ ಹಾಡು ಕಲಿಸುತ್ತಾರೆ. ಖರ್ಚಿಗೆ ಬಂಧುಬಳಗಕ್ಕೆ ಕಾಗದ ಬರೆದು ಹಣ ಕೂಡಿಸುತ್ತಾರೆ, ಚರ್ಚಿನ ಅಂಗಳದಲ್ಲಿ ಕೇಕು ಮಾರುತ್ತಾರೆ, ಕಾರು ತೊಳೆಯುತ್ತಾರೆ, ವರ್ಷದ ರಜೆಯನ್ನು ಇದಕ್ಕೇ ಎತ್ತಿಡುತ್ತಾರೆ. ಹೀಗೆ ಹೊರಟವರನ್ನು ಪುಣ್ಯದ ಹೆಸರಿನಲ್ಲಿ ಊರು ನೋಡಲು ಹೋದವರೆಂದು ಹೀಗಳೆಯುವವರಿದ್ದಾರೆ. ಆ ಮಾತಿಗೆ ನಾನು ಸೇರುವುದಿಲ್ಲ. ತನ್ನ ಬಿಡುವು, ತನ್ನ ದುಡ್ಡು, ತನ್ನ ಮೈಯ ದುಡಿಮೆ ಮೂರನ್ನೂ ಕಾಣದ ಊರಿನ ಕಾಣದ ಜನರಿಗೆ ಕೊಡಲು ಒಪ್ಪುವ ಮನಸ್ಸು ಸಣ್ಣದಲ್ಲ, ಮತ್ತು ಆ ಮನಸ್ಸನ್ನು ನಂಬಿಯೇ ನನ್ನ ವಾದವನ್ನು ಕಟ್ಟಬೇಕಾಗಿದೆ.

ವಿಶ್ವಬ್ಯಾಂಕ್ 2025ರ ಜೂನ್‌ನಲ್ಲಿ ಪರಿಷ್ಕರಿಸಿದ ರೇಖೆಯ ಪ್ರಕಾರ, ಆಯಾ ದೇಶದ ಬೆಲೆಗಳಿಗೆ ಹೊಂದಿಸಿದ ಲೆಕ್ಕದಲ್ಲಿ ದಿನಕ್ಕೆ ತಲಾ 3 ಡಾಲರ್ ಕೂಡ ಇಲ್ಲದೆ ಬದುಕುವವರು ಕಡುಬಡವರು. ಜಗತ್ತಿನಲ್ಲಿ ಅಂಥವರು ಸುಮಾರು 80 ಕೋಟಿ ಇದ್ದಾರೆ. ಇಂಥ ಮನೆಯಲ್ಲಿ ಒಂದು ತಪ್ಪಿಗೂ ಜಾಗವಿರುವುದಿಲ್ಲ. ಉಳ್ಳವರ ಮನೆಯಲ್ಲಿ ಒಂದು ಯೋಜನೆ ಕೆಟ್ಟರೆ ಕಿರಿಕಿರಿಯಾಗುತ್ತದೆ. ಇಲ್ಲಿ ಕೆಟ್ಟರೆ ಮಗು ಶಾಲೆ ಬಿಡುತ್ತದೆ, ಇದ್ದೊಂದು ಮೇಕೆ ಮಾರಿಹೋಗುತ್ತದೆ, ಬಡ್ಡಿಸಾಲ ಹೆಗಲೇರುತ್ತದೆ. ಆದ್ದರಿಂದ ಈ ಮನೆಗಳ ಬಾಗಿಲಿಗೆ ಸೇವೆಯೆಂದು ಹೋಗುವವರನ್ನು ಒಂದು ಪ್ರಶ್ನೆ ಕೇಳಲೇಬೇಕು. ನೀವು ಮಾಡಿದ ಕೆಲಸದ ಲೆಕ್ಕವನ್ನು ಯಾರಿಗೆ ಒಪ್ಪಿಸುತ್ತೀರಿ? ಇವತ್ತಿನ ಪದ್ಧತಿಯಲ್ಲಿ ಉತ್ತರ ಖಚಿತವಾಗಿದೆ: ಕಳಿಸಿದ ಸಭೆಗೆ. ಹಿಂದಿರುಗಿದ ಮೇಲಿನ ಭಾನುವಾರ ಆರಾಧನೆಯಲ್ಲಿ ಸಾಕ್ಷಿ ಹೇಳುವುದು ಅಲ್ಲಿ, ಚಿತ್ರಗಳನ್ನು ತೋರಿಸುವುದು ಅಲ್ಲಿ, ಹಣ ಕೊಟ್ಟವರಿಗೆ ವಂದನೆ ಸಲ್ಲಿಸುವುದೂ ಅಲ್ಲಿಯೇ. ಮನೆ ಪಡೆದ ಕುಟುಂಬ ಆ ಸಭೆಯಲ್ಲಿ ಇರುವುದಿಲ್ಲ. ಸೇವೆಯ ಗುಣವನ್ನು ನಿರ್ಧರಿಸುವುದು ಹೋದವರ ಭಕ್ತಿಗಿಂತ ಹೆಚ್ಚಾಗಿ ಅವರು ಲೆಕ್ಕ ಒಪ್ಪಿಸುವ ದಿಕ್ಕು ಎಂಬುದು ನನ್ನ ವಾದ. ಆ ದಿಕ್ಕನ್ನು ಬಡ ಕುಟುಂಬದ ಕಡೆಗೆ ತಿರುಗಿಸಿದರೆ ಈ ಯಾತ್ರೆಗಳಲ್ಲಿ ಬಹುಪಾಲು ತಾವಾಗಿಯೇ ರೂಪ ಬದಲಿಸುತ್ತವೆ.

ಇದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷ್ಯ ಹೊಂಡುರಾಸ್‌ನದು. 1998ರ ಅಕ್ಟೋಬರ್ ಕೊನೆಯಲ್ಲಿ ಮಿಚ್ ಚಂಡಮಾರುತ ಮಧ್ಯ ಅಮೆರಿಕದ ಮೇಲೆ ಬಂದು ಕೂತುಬಿಟ್ಟಿತು. ದಿನಗಟ್ಟಲೆ ಹಿಡಿದ ಮಳೆಗೆ ಹೊಳೆಗಳು ಉಕ್ಕಿದವು, ರಾಜಧಾನಿ ತೆಗುಸಿಗಾಲ್ಪದ ಗುಡ್ಡದ ಓರೆಗಳು ಮನೆಗಳ ಸಮೇತ ಚೊಲುಟೆಕಾ ನದಿಯ ಕಡೆಗೆ ಜಾರಿದವು. ಇಡೀ ಪ್ರದೇಶದಲ್ಲಿ 11,000ಕ್ಕೂ ಹೆಚ್ಚು ಜನ ಸತ್ತರು. ಉತ್ತರ ಅಮೆರಿಕದ ಚರ್ಚುಗಳು ತಕ್ಷಣ ಎದ್ದವು, ತಂಡದ ಮೇಲೆ ತಂಡ ಮನೆ ಕಟ್ಟಲು ಬಂದವು. ಹೊಂಡುರಾಸ್‌ನಲ್ಲೇ ನೆಲೆಸಿದ್ದ, ಅಮೆರಿಕದ ಕ್ಯಾಲ್ವಿನ್ ಕಾಲೇಜಿನ ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್ ಈ ಕೆಲಸವನ್ನು ಅಭ್ಯಾಸ ಮಾಡಿ 2006ರಲ್ಲಿ ಪ್ರಕಟಿಸಿದರು. ಅವರು ಸ್ವತಃ ವಿಶ್ವಾಸಿ, ಕ್ರೈಸ್ತ ಸೇವೆಯಲ್ಲೇ ಬದುಕು ಕಳೆದವರು. ಹೊರಗೆ ನಿಂತು ಕಲ್ಲೆಸೆದವರಲ್ಲ. ಮನೆ ಕಟ್ಟಿಹೋದ ಉತ್ತರ ಅಮೆರಿಕದವರಲ್ಲಿ 127 ಮಂದಿಯನ್ನು ಅವರು ಪ್ರಶ್ನಿಸಿದರು. ಮನೆ ಪಡೆದ ಹೊಂಡುರಾಸ್ ಕುಟುಂಬಗಳನ್ನೂ ಮಾತನಾಡಿಸಿದರು. ಆ ಕುಟುಂಬಗಳಲ್ಲಿ ಕೆಲವರ ಮನೆಯನ್ನು ಹೊರಗಿನ ತಂಡಗಳು ಕಟ್ಟಿದ್ದವು, ಉಳಿದವರದನ್ನು ಸ್ಥಳೀಯ ಕ್ರೈಸ್ತ ಸಂಸ್ಥೆಗಳು ಊರಿನ ಕೆಲಸಗಾರರಿಂದ ಕಟ್ಟಿಸಿದ್ದವು. ಎರಡು ಬಗೆಯ ಮನೆಗಳಲ್ಲಿ ವಾಸಿಸುವ ಕುಟುಂಬಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಸಿಗಲಿಲ್ಲ. ನಂಬಿಕೆಯಲ್ಲಿ, ನೆಮ್ಮದಿಯಲ್ಲಿ, ನೆರೆಹೊರೆಯ ಸಂಬಂಧದಲ್ಲಿ ಇವರಿಗಿಂತ ಅವರು ಮೇಲು ಎನ್ನುವಂತಿರಲಿಲ್ಲ.

ವ್ಯತ್ಯಾಸ ಕಂಡದ್ದು ಖರ್ಚಿನಲ್ಲಿ. ಸ್ಥಳೀಯ ಸಂಸ್ಥೆ ಒಂದು ಮನೆಯನ್ನು ಸುಮಾರು 2,000 ಡಾಲರ್‌ಗೆ ಮುಗಿಸುತ್ತಿತ್ತು. ಹೊರಗಿನ ತಂಡ ಬಂದು ಒಂದು ಮನೆ ಕಟ್ಟಿ ಹೋಗಲು ವಿಮಾನದ ಟಿಕೆಟ್, ವಸತಿ, ಓಡಾಟ ಎಲ್ಲ ಸೇರಿ ಸುಮಾರು 30,000 ಡಾಲರ್ ತಗಲುತ್ತಿತ್ತು. ಒಂದು ಸೂರಿನ ಬೆಲೆಗೆ ಹದಿನೈದು ಸೂರು ಆಗಬಹುದಿತ್ತು. ಈ ಅಂಕಿಯನ್ನು ಇನ್ನೂ ಹತ್ತಿರದಿಂದ ನೋಡಬೇಕು. ಸಿಮೆಂಟ್ ಬ್ಲಾಕಿನ ಗೋಡೆ ಎಬ್ಬಿಸುವುದು ಪಳಗಿದ ಕೈಯ ಕೆಲಸ. ಮೂಲೆಯ ಮೊದಲ ಸಾಲು ರಸಮಟ್ಟಕ್ಕೆ ಕೂರದಿದ್ದರೆ, ಕಟ್ಟಿದ ದಾರಕ್ಕೆ ಬ್ಲಾಕಿನ ಅಂಚು ನಿಲ್ಲದಿದ್ದರೆ, ಗೋಡೆ ಎದೆಮಟ್ಟಕ್ಕೆ ಬರುವ ಹೊತ್ತಿಗೆ ವಾಲಿರುತ್ತದೆ. ಕಚೇರಿಯಲ್ಲಿ ಕುಳಿತು ದುಡಿಯುವವರಿಗೆ, ಕಾಲೇಜು ಹುಡುಗರಿಗೆ ಆ ಕೈಚಳಕ ಒಂದು ವಾರದಲ್ಲಿ ಬರುವುದಿಲ್ಲ. ಅವರು ಮರಳು ಜರಡಿ ಹಿಡಿಯಬಹುದು, ಬಾಂಡ್ಲಿ ಹೊರಬಹುದು, ಬ್ಲಾಕ್ ಕೈಯಿಂದ ಕೈಗೆ ದಾಟಿಸಬಹುದು. ಅಂದರೆ ಸಾವಿರಾರು ಮೈಲಿ ಹಾರಿ ಬಂದದ್ದು ಕೂಲಿಯಾಳಿನ ಶ್ರಮ. ಚಂಡಮಾರುತದ ನಂತರ ಹೊಂಡುರಾಸ್‌ನಲ್ಲಿ ಕೊರತೆಯಿಲ್ಲದೆ ಇದ್ದದ್ದು ಅದೊಂದೇ. ಸುಲಾ ಕಣಿವೆಯ ಬಾಳೆತೋಟಗಳು ನೀರುಪಾಲಾಗಿ ಸಾವಿರಾರು ಕೂಲಿಗಳು ಕೆಲಸ ಕಳೆದುಕೊಂಡಿದ್ದರು. ಮನೆ ಕಳೆದುಕೊಂಡವನಿಗೆ ಸೂರಿನಷ್ಟೇ ಕೂಲಿಯೂ ಬೇಕಾಗಿತ್ತು, ಮತ್ತು ತನ್ನ ಊರಿನ ಮನೆಗಳನ್ನು ತಾನೇ ಕಟ್ಟಿ ಕೂಲಿ ಎಣಿಸಿಕೊಂಡಿದ್ದರೆ ಅವನ ಒಲೆಯೂ ಉರಿಯುತ್ತಿತ್ತು.

ಇದನ್ನು ಹೋದವರ ದಡ್ಡತನವೆಂದು ಯಾರೂ ತಿಳಿಯಬಾರದು. ಲೆಕ್ಕ ಕೇಳುವವರು ಯಾರು ಎಂಬುದರ ಸಹಜ ಫಲ ಇದು. ಕಳಿಸಿದ ಸಭೆ ಕೇಳುವ ಪ್ರಶ್ನೆಗಳೇ ಬೇರೆ: ನಮ್ಮ ಮಕ್ಕಳು ಕ್ಷೇಮವಾಗಿ ಬಂದರೇ, ಏನು ಕಟ್ಟಿದರು, ಅವರ ವಿಶ್ವಾಸ ಬಲವಾಯಿತೇ. ಆ ಪ್ರಶ್ನೆಗಳಿಗೆ ಉತ್ತರ ಕೊಡಲು ಕೆಲಸ ಒಂದು ವಾರದಲ್ಲಿ ಮುಗಿಯಲೇಬೇಕು, ಕಣ್ಣಿಗೆ ಕಾಣುವಂತಿರಲೇಬೇಕು, ಬಂದವರ ಕೈಯಿಂದಲೇ ಆಗಲೇಬೇಕು. ಗುಡ್ಡದ ಓರೆಯಲ್ಲಿ ಗುಡಿಸಲು ಹಾಕಿಕೊಂಡ ಕುಟುಂಬಕ್ಕೆ ಬೇಕಾದದ್ದು ಜಾಗದ ಹಕ್ಕುಪತ್ರವಾಗಿದ್ದರೆ, ಅದು ಒಂದು ವಾರದಲ್ಲಿ ಮುಗಿಯುವುದಿಲ್ಲ, ಚಿತ್ರದಲ್ಲಿ ಕಾಣುವುದಿಲ್ಲ, ಇಂಗ್ಲಿಷ್ ಮಾತ್ರ ಬಲ್ಲವರಿಂದ ಆಗುವುದೂ ಇಲ್ಲ. ಹಾಗಾಗಿ ಹಕ್ಕುಪತ್ರ ಯಾತ್ರೆಯ ಪಟ್ಟಿಗೇ ಬರುವುದಿಲ್ಲ. ಬಡವರ ಅಗತ್ಯಗಳಲ್ಲಿ ವಾರದೊಳಗೆ ಹಿಡಿಯುವಂಥವು ಮಾತ್ರ ಆರಿಸಿ ಬರುತ್ತವೆ; ಅವರನ್ನು ಬಡವರಾಗಿ ಇಟ್ಟಿರುವ ಕಾರಣಗಳು ಹೊರಗೇ ಉಳಿಯುತ್ತವೆ.

ಇಲ್ಲಿ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಆ 30,000 ಡಾಲರ್ ಹುಟ್ಟಿದ್ದೇ ಯಾತ್ರೆಯಿಂದ. ಹೋಗುವುದನ್ನು ನಿಲ್ಲಿಸಿದರೆ ಹದಿನೈದು ಮನೆ ಎಲ್ಲಿ ಬಂತು, ಒಂದು ಮನೆಯೂ ಇರುವುದಿಲ್ಲ ಎನ್ನುತ್ತಾರೆ. ಮಗಳು ಹೊಂಡುರಾಸ್‌ಗೆ ಹೊರಟಿದ್ದಾಳೆಂದರೆ ಅಜ್ಜಿ ಚೆಕ್ ಬರೆಯುತ್ತಾಳೆ, ಕಾಣದ ಸಂಸ್ಥೆಗೆ ಬರೆಯುವುದಿಲ್ಲ. ಇದು ನಿಜ, ತಳ್ಳಿಹಾಕುವಂತಿಲ್ಲ. ಅದಕ್ಕೆ ಜೊತೆಯಾಗಿ ಇನ್ನೊಂದು ಮಾತು ಬರುತ್ತದೆ: ಹೋಗಿಬಂದವರು ಬದಲಾಗುತ್ತಾರೆ, ಬದುಕಿಡೀ ಕೊಡುವವರಾಗುತ್ತಾರೆ, ಆದ್ದರಿಂದ ಟಿಕೆಟ್ಟಿನ ಖರ್ಚನ್ನು ಬಿತ್ತನೆ ಎಂದು ಎಣಿಸಬೇಕು. ವೆರ್ ಬೀಕ್ ಇದನ್ನೂ ಪರೀಕ್ಷಿಸಿದರು. ಯಾತ್ರೆಯಿಂದ ತಮ್ಮ ಕಾಣಿಕೆ ಹೆಚ್ಚಿತು, ಪ್ರಾರ್ಥನೆ ಹೆಚ್ಚಿತು ಎಂದು ಬಹಳ ಜನ ಪ್ರಾಮಾಣಿಕವಾಗಿಯೇ ಹೇಳಿದ್ದರು. ಕಳಿಸಿದ ಸಂಸ್ಥೆಯ ಪುಸ್ತಕ ತೆರೆದು ನೋಡಿದಾಗ ಆ ಹೇಳಿಕೆಗೆ ತಕ್ಕ ಏರಿಕೆ ಅಲ್ಲಿರಲಿಲ್ಲ. ಅವರು ಸುಳ್ಳು ಹೇಳಿದರೆಂದು ಇದರ ಅರ್ಥವಲ್ಲ. ಮನಸ್ಸು ಕದಡಿದ ವಾರದಲ್ಲಿ ಮಾಡಿದ ಸಂಕಲ್ಪ, ಅದನ್ನು ಹಿಡಿದಿಡುವ ಏರ್ಪಾಡು ಊರಿನಲ್ಲಿ ಇಲ್ಲದಿದ್ದರೆ, ಕೆಲವೇ ತಿಂಗಳಲ್ಲಿ ಸವೆಯುತ್ತದೆ. ನಮ್ಮಲ್ಲಿ ಯಾರಿಗೂ ಇದು ಅರಿಯದ ಸಂಗತಿಯಲ್ಲ. ಅಷ್ಟಕ್ಕೂ, ಹೋದವರು ಬದಲಾದರು ಎಂಬುದನ್ನೇ ಯಾತ್ರೆಯ ಸಮರ್ಥನೆಯಾಗಿ ಒಪ್ಪಿಬಿಟ್ಟರೆ ಬಡವರ ಗುಡಿಸಲು ನಮ್ಮ ಮಕ್ಕಳ ಪಾಠಶಾಲೆಯಾಯಿತು. ಪಾಠಶಾಲೆಯಾಗಲು ಆ ಮನೆಯವರು ಒಪ್ಪಿದ್ದರೇ? 1968ರಲ್ಲಿ, ಮೆಕ್ಸಿಕೊದ ಹಳ್ಳಿಗಳಿಗೆ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಎದುರು ಪಾದ್ರಿ ಇವಾನ್ ಇಲಿಚ್ ಮಾಡಿದ ಕಟುವಾದ ಭಾಷಣದ ತಿರುಳು ಇದೇ. ನೋಡಲು, ಕಲಿಯಲು ಬನ್ನಿ, ಉದ್ಧರಿಸುತ್ತೇವೆಂದು ಬರಬೇಡಿ ಎಂದು ಅವರು ಬೇಡಿಕೊಂಡರು. ಇಲಿಚ್ ಸೇವೆಯ ಬಾಗಿಲನ್ನು ಪೂರ್ತಿ ಮುಚ್ಚಿದಂತೆ ಮಾತನಾಡಿದರು, ಅಲ್ಲಿಯವರೆಗೆ ನಾನು ಹೋಗಲಾರೆ. ಆದರೆ ಕಲಿಯಲು ಹೋದವನು ಕಲಿಯುವವನಂತೆಯೇ ಹೋಗಬೇಕು, ಶುಲ್ಕವನ್ನೂ ಕೊಡಬೇಕು ಎಂಬುದನ್ನು ಒಪ್ಪುತ್ತೇನೆ.

ಎರಡನೆಯ ಆಕ್ಷೇಪ ಇದಕ್ಕಿಂತ ಆಳವಾದದ್ದು, ಧರ್ಮದ ಒಳಗಿನಿಂದ ಬಂದದ್ದು. ಪ್ರೀತಿಯನ್ನು ಡಾಲರ್ ಲೆಕ್ಕದಲ್ಲಿ ಅಳೆಯುವುದೇ ತಪ್ಪು, ಹತ್ತಿರ ಹೋಗಿ ಕೂರುವುದೇ ಸುವಾರ್ತೆ, ದೇವರೇ ದೇಹ ತಳೆದು ಬಂದನೆಂದು ನಂಬುವವರು ಬರೀ ಹಣ ಕಳಿಸಿ ಮನೆಯಲ್ಲಿ ಕೂರಲಾಗದು ಎನ್ನುತ್ತಾರೆ. ಇದಕ್ಕೆ ಉತ್ತರವನ್ನೂ ಧರ್ಮಗ್ರಂಥದೊಳಗೇ ಹುಡುಕಬೇಕು. ಈ ಯಾತ್ರೆಗಳ ಪ್ರಚಾರದಲ್ಲಿ ಮತ್ತೆ ಮತ್ತೆ ಬರುವ ಕಥೆ ಯೇಸು ಹೇಳಿದ ಒಳ್ಳೆಯ ಸಮಾರ್ಯದವನದು. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟವನ ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹೊಯ್ದು ಕಟ್ಟಿದ ಭಾಗವನ್ನು ಎಲ್ಲರೂ ಹೇಳುತ್ತಾರೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅವನು ದಾರಿಹೋಕ, ಆ ಊರಿನವನಲ್ಲ, ಮರುದಿನ ಹೋಗಲೇಬೇಕಾದವನು. ಆದ್ದರಿಂದ ಗಾಯಗೊಂಡವನನ್ನು ಛತ್ರಕ್ಕೆ ಸೇರಿಸಿ, ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚಿಗೆ ಖರ್ಚಾದರೆ ಹಿಂದಿರುಗಿ ಬಂದಾಗ ತೀರಿಸುತ್ತೇನೆಂದು ಮಾತು ಕೊಟ್ಟು ಹೊರಟ. ತುರ್ತಿನ ಕೆಲಸವನ್ನು ತಾನು ಮಾಡಿದ, ದಿನಗಟ್ಟಲೆಯ ಆರೈಕೆಯನ್ನು ಅಲ್ಲೇ ಇರುವವನಿಗೆ ವಹಿಸಿದ, ದುಡ್ಡನ್ನು ಅವನ ವಿವೇಚನೆಗೆ ಬಿಟ್ಟ, ಬಾಕಿಗೆ ತಾನು ಹೊಣೆಯಾದ. ಗಾಯಗೊಂಡವನ ಹಾಸಿಗೆಯ ಪಕ್ಕದಲ್ಲಿ ಒಂದು ವಾರ ತಾನೇ ಕೂತು ಛತ್ರದವನನ್ನು ಹೊರಗೆ ನಿಲ್ಲಿಸಲಿಲ್ಲ. ಅಪೊಸ್ತಲ ಪೌಲ ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಮಕೆದೋನ್ಯ, ಕೊರಿಂಥದ ಸಭೆಗಳಿಂದ ಹಣ ಕೂಡಿಸಿದಾಗಲೂ ನಡೆದದ್ದು ಹೀಗೆಯೇ. ಸಭೆಗಳು ತಾವೇ ಮೆಚ್ಚಿ ಆರಿಸಿದ ಕೆಲವೇ ಪ್ರತಿನಿಧಿಗಳ ಕೈಯಲ್ಲಿ ಕಾಣಿಕೆ ಹೋಯಿತು, ಈ ಹಣದ ವಿಷಯದಲ್ಲಿ ದೇವರ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ಯಾರೂ ಬೆರಳು ತೋರಿಸದಂತೆ ನಡೆಯಬೇಕೆಂದು ಪೌಲ ಪತ್ರದಲ್ಲಿ ಕಾಳಜಿಯಿಂದ ಬರೆದ. ಕೊರಿಂಥದ ಯುವಕರ ತಂಡವೊಂದು ಯೆರೂಸಲೇಮಿಗೆ ಗೋಡೆ ಕಟ್ಟಲು ಹೋಗಲಿಲ್ಲ. ಲೆಕ್ಕಕ್ಕೂ ಪ್ರೀತಿಗೂ ವೈರವಿದೆ ಎಂಬ ಕಲ್ಪನೆ ಆ ಮೊದಲ ಸಭೆಗಳಲ್ಲಿ ಇದ್ದಂತೆ ಕಾಣುವುದಿಲ್ಲ.

ಲೆಕ್ಕದ ದಿಕ್ಕು ತಪ್ಪಿದಾಗ ಆಗುವುದು ಬರೀ ಪೋಲು ಎಂದಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಹೈಟಿಯಲ್ಲಿ ಆದದ್ದು ಹಾನಿ. ಆ ದೇಶದ ಅನಾಥಾಲಯಗಳಲ್ಲಿ ಸುಮಾರು 30,000 ಮಕ್ಕಳಿದ್ದು, ಅವರಲ್ಲಿ ಶೇಕಡ 80ರಷ್ಟು ಮಕ್ಕಳ ತಂದೆ ಅಥವಾ ತಾಯಿ ಬದುಕಿದ್ದಾರೆಂದು ಮಕ್ಕಳ ಹಕ್ಕುಗಳ ಸಂಸ್ಥೆಗಳು ಅಂದಾಜು ಮಾಡಿವೆ. ಬದುಕಿರುವ ತಾಯಿ ಮಗುವನ್ನೇಕೆ ಬಿಡುತ್ತಾಳೆ? ಹೈಟಿಯ ಶಾಲೆಗಳಲ್ಲಿ ಬಹುಪಾಲು ಖಾಸಗಿಯವು, ಶುಲ್ಕ ಕಟ್ಟಬೇಕು. ಅನಾಥಾಲಯದಲ್ಲಿ ಊಟವೂ ಇದೆ, ಅಕ್ಷರವೂ ಇದೆ. ಅನಾಥಾಲಯಗಳಿಗೆ ಹಣ ಎಲ್ಲಿಂದ ಬರುತ್ತಿತ್ತೆಂದರೆ, ಮಕ್ಕಳನ್ನು ಎತ್ತಿ ಆಡಿಸಲು ವರ್ಷವಿಡೀ ಬರುತ್ತಿದ್ದ ತಂಡಗಳಿಂದ, ಅವರ ಹಿಂದಿನ ಚರ್ಚುಗಳಿಂದ. ಅದೇ ಹಣದ ಒಂದು ಪಾಲು ಶಾಲಾಶುಲ್ಕವಾಗಿ ತಾಯಿಯ ಕೈ ಸೇರಿದ್ದರೆ ಮಗು ಅವಳ ಮಗ್ಗುಲಲ್ಲೇ ಮಲಗುತ್ತಿತ್ತು. ಮನೆಯಲ್ಲಿ ತಾಯಿಯ ಜೊತೆಗಿರುವ ಮಗುವನ್ನು ನೋಡಲು ಯಾತ್ರೆ ಏರ್ಪಡುವುದಿಲ್ಲ, ಅನಾಥಾಲಯಕ್ಕೆ ಏರ್ಪಡುತ್ತದೆ. ಹೀಗೆ ಹಣ ಹರಿಯುವ ದಾರಿಯೇ ಮಕ್ಕಳನ್ನು ಮನೆಯಿಂದ ಸೆಳೆಯಿತು. 2010ರ ಜನವರಿಯ ಭೂಕಂಪದ ನಂತರ ಅಮೆರಿಕದ ಹತ್ತು ಮಂದಿ ಕ್ರೈಸ್ತ ಸ್ವಯಂಸೇವಕರು 33 ಮಕ್ಕಳನ್ನು ದಾಖಲೆಯಿಲ್ಲದೆ ಗಡಿ ದಾಟಿಸಲು ಹೋಗಿ ಬಂಧನಕ್ಕೊಳಗಾದರು. ಆ ಮಕ್ಕಳಿಗೆ ಹೆತ್ತವರಿದ್ದಾರೆಂಬುದು ಆಮೇಲೆ ಬೆಳಕಿಗೆ ಬಂತು. ಅದನ್ನು ಒಂದು ಗುಂಪಿನ ಅಪರಾಧವೆಂದು ಬದಿಗಿಡುವುದು ಸುಲಭ. ಆ ಗುಂಪಿಗೆ ಅದು ಸರಿಯೆಂದು ತೋರುವಂತೆ ಮಾಡಿದ ಅಭ್ಯಾಸ ಬಹಳ ಹಳೆಯದು, ಬಹಳ ಜನರದು.

ಹಾಗಾದರೆ ಚೆನ್ನಾಗಿ ಯೋಜಿಸಿದ ಕೆಲಸ ತಪ್ಪುವುದಿಲ್ಲವೇ? ತಪ್ಪುತ್ತದೆ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ ರೂಪಿಸಿದ, ಕಡುಬಡ ಕುಟುಂಬಕ್ಕೆ ದುಡಿಮೆಯ ಆಸ್ತಿ, ಕೆಲಕಾಲದ ಊಟದ ಖರ್ಚು, ತರಬೇತಿ, ಮನೆಗೆ ಬಂದು ವಿಚಾರಿಸುವವರು ಎಲ್ಲವನ್ನೂ ಒಟ್ಟಿಗೆ ಕೊಡುವ ಕಾರ್ಯಕ್ರಮವನ್ನು ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು ದೇಶಗಳಲ್ಲಿ ಪರೀಕ್ಷಿಸಿದ ಅಧ್ಯಯನ 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಒಟ್ಟಾರೆ ಫಲಿತಾಂಶ ಒಳ್ಳೆಯದಿತ್ತು, ಕಾರ್ಯಕ್ರಮ ಮುಗಿದು ವರ್ಷವಾದ ಮೇಲೂ ಕುಟುಂಬಗಳ ಸ್ಥಿತಿ ಮೇಲಿತ್ತು. ಹೊಂಡುರಾಸ್‌ನಲ್ಲಿ ಮಾತ್ರ ಏಟು ಬಿತ್ತು. ಅಲ್ಲಿ ಬಹಳ ಮನೆಗಳಿಗೆ ಕೊಟ್ಟಿದ್ದು ಕೋಳಿ; ಕೋಳಿಗಳು ರೋಗ ಬಂದು ಸತ್ತವು. ಈ ಸೋಲು ನಮಗೆ ಗೊತ್ತಾದದ್ದು ಹೇಗೆಂದರೆ, ಕೊಟ್ಟವರು ಹೊರಟುಹೋಗಿರಲಿಲ್ಲ. ಎರಡು ವರ್ಷ ಮನೆಮನೆಗೆ ಹೋಗಿ ಬಂದು ಮಾಡುತ್ತಿದ್ದರು, ಮೂರನೆಯ ವರ್ಷವೂ ಬಂದು ಎಣಿಸಿದರು, ಸತ್ತದ್ದನ್ನು ಸತ್ತಿತೆಂದೇ ಬರೆದರು. ವಾರಕ್ಕೆ ಬಂದು ಹೋಗುವವರು ಕೋಳಿಮರಿಗಳನ್ನು ಹಂಚುವ ದಿನ ಇರುತ್ತಾರೆ, ಸಾಯುವ ದಿನ ಇರುವುದಿಲ್ಲ. ಅವರ ಸಾಕ್ಷಿಯಲ್ಲಿ ಆ ಕೋಳಿಗಳು ಎಂದೆಂದಿಗೂ ಬದುಕಿರುತ್ತವೆ, ಮುಂದಿನ ವರ್ಷದ ತಂಡ ಮತ್ತೆ ಕೋಳಿಗಳನ್ನೇ ತರುತ್ತದೆ.

ಹೀಗೆ ಊರಲ್ಲೇ ಉಳಿಯುವುದು ಎಂದರೇನು ಎಂಬುದಕ್ಕೂ ಹೊಂಡುರಾಸ್‌ನಲ್ಲೇ ಉದಾಹರಣೆ ಇದೆ. ಮನೆಗಳನ್ನು ಅಧ್ಯಯನ ಮಾಡಿದ ವೆರ್ ಬೀಕ್ ಮತ್ತು ಅವರ ಹೊಂಡುರಾಸ್ ಸ್ನೇಹಿತ ಕಾರ್ಲೋಸ್ ಹೆರ್ನಾಂಡೆಸ್ ಮುಂತಾದವರು 1998ರಲ್ಲಿ ತೆಗುಸಿಗಾಲ್ಪದಲ್ಲಿ ‘ಇನ್ನೂ ಹೆಚ್ಚು ನ್ಯಾಯವಾದ ಸಮಾಜಕ್ಕಾಗಿ’ ಎಂಬ ಹೆಸರಿನ ಕ್ರೈಸ್ತ ಸಂಘವನ್ನು ಹುಟ್ಟುಹಾಕಿದರು. ಅದು ಹಿಡಿದದ್ದು ಭೂಮಿಯ ಹಕ್ಕುಪತ್ರ, ಸರ್ಕಾರಿ ಶಾಲೆಗೆ ಬಾರದ ಮೇಷ್ಟರು, ಆಸ್ಪತ್ರೆಯ ಔಷಧ ಖರೀದಿಯ ಭ್ರಷ್ಟಾಚಾರ, ಕನಿಷ್ಠ ಕೂಲಿ ಸಿಗದ ಕಾವಲುಗಾರರು. ಮುಂದೆ ಅದೇ ಸಂಘ ಭ್ರಷ್ಟಾಚಾರದ ವಿರುದ್ಧ ದುಡಿಯುವ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್‌ನ ಹೊಂಡುರಾಸ್ ಶಾಖೆಯಾಯಿತು. ಖಾಸಗಿ ಭದ್ರತಾ ಕಂಪನಿಗಳ ಕಾವಲುಗಾರರ ಪರವಾಗಿ ವಾದಿಸುತ್ತಿದ್ದ ಅದರ ವಕೀಲ ದಿಯೊನಿಸಿಯೊ ದಿಯಾಸ್ ಗಾರ್ಸಿಯಾ ಅವರನ್ನು 2006ರ ಡಿಸೆಂಬರ್ 4ರಂದು ಗುಂಡಿಟ್ಟು ಕೊಂದರು. ಸಂಘ ಊರು ಬಿಡಲಿಲ್ಲ. ಬಣ್ಣ ಬಳಿದ ಶಾಲೆಗೂ ಮೇಷ್ಟರು ದಿನವೂ ಬರುವಂತೆ ಮಾಡಿದ ಶಾಲೆಗೂ ಇರುವ ಅಂತರವನ್ನು ಅಳೆಯಬೇಕಾದವರು ಅಲ್ಲಿ ಕಲಿಯುವ ಮಕ್ಕಳ ತಂದೆತಾಯಿ. ಅವರನ್ನು ಕೇಳಿದರೆ ಯಾವುದನ್ನು ಆರಿಸುತ್ತಾರೆಂಬುದರಲ್ಲಿ ನನಗೆ ಸಂಶಯವಿಲ್ಲ.

ನಮ್ಮ ಕರಾವಳಿಗೂ ಈ ಚರ್ಚೆಗೂ ಹಳೆಯ ನಂಟಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಸುವಾರ್ತೆ ಸಾರಲೆಂದೇ ಬಂದವರು. ಅದನ್ನು ಒಪ್ಪಿದ ಕುಟುಂಬಗಳು ಜಾತಿಯ ಜೊತೆ ಕಸುಬನ್ನೂ ಕಳೆದುಕೊಂಡು ಬೀದಿಗೆ ಬಿದ್ದಾಗ ಆ ಹಸಿವು ಮಿಷನ್ನಿನ ಬಾಗಿಲಿಗೇ ಬಂತು. ತಪ್ಪಿಸಿಕೊಳ್ಳುವಂತಿರಲಿಲ್ಲ, ಏಕೆಂದರೆ ಅವರು ಅಲ್ಲೇ ಇದ್ದರು. ಒಂದೊಂದಾಗಿ ಕಸುಬುಗಳನ್ನು ಹೂಡಿ ನೋಡಿದರು, ಕೆಲವು ನಷ್ಟವಾದವು, ಕೆಲವು ನಿಂತವು. ಕಲ್ಲಚ್ಚಿನ ಮುದ್ರಣ ಬಂತು, ನೇಯ್ಗೆ ಬಂತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ತೆರೆದರು. ಆಮೇಲೆ ಊರಿನ ಉದ್ಯಮಿಗಳೂ ನದಿದಂಡೆಯುದ್ದಕ್ಕೂ ಕಾರ್ಖಾನೆ ಹಾಕಿದರು, ಮಂಗಳೂರು ಹಂಚು ದೇಶವಿಡೀ ಹೆಸರಾಯಿತು, ತಲೆಮಾರುಗಟ್ಟಲೆ ಕೂಲಿ ಸಿಕ್ಕಿತು. ಈ ಕಥೆಯನ್ನು ಹೊಗಳಿಕೆಯಾಗಿ ಮಾತ್ರ ಹೇಳಬಾರದು. ಕೆಲಸ ಕೊಡುವವರೂ ಅವರೇ, ಮನೆ ಕೊಡುವವರೂ ಅವರೇ, ಧರ್ಮಬೋಧೆ ಮಾಡುವವರೂ ಅವರೇ ಆದಾಗ ಬಡ ಕುಟುಂಬಕ್ಕೆ ಎದುರಾಡುವ ಸ್ವಾತಂತ್ರ್ಯ ಎಲ್ಲಿಂದ ಬರಬೇಕು? ಲೆಕ್ಕಪತ್ರ ಹೋಗುತ್ತಿದ್ದದ್ದೂ ಬಾಸೆಲಿನ ಸಮಿತಿಗೇ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧಿಸಿ ಉದ್ಯಮಗಳನ್ನು ಕೈವಶ ಮಾಡಿಕೊಂಡಾಗ, ಕೆಲಸಗಾರರನ್ನು ಯಾರೂ ಕೇಳದೆಯೇ ಒಡೆತನ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಗೆ ಹೋಯಿತು. ಇಷ್ಟೆಲ್ಲ ಕುಂದಿದ್ದರೂ, ತುಳು ಕನ್ನಡ ಕಲಿತು ದಶಕಗಟ್ಟಲೆ ಇದ್ದವರಿಗೆ ತಮ್ಮ ತಪ್ಪಿನ ಫಲವನ್ನು ಪಕ್ಕದ ಮನೆಯಲ್ಲೇ ನೋಡಬೇಕಾಗಿತ್ತು, ನೋಡಿ ತಿದ್ದಬೇಕಾಗಿತ್ತು. ವಾರದ ಯಾತ್ರಿಕರಿಗೆ ಆ ಕಷ್ಟವೂ ಇಲ್ಲ, ಅದರಿಂದ ಬರುವ ವಿವೇಕವೂ ಇಲ್ಲ.

ದೂರದಲ್ಲಿದ್ದು ಕೊಡುವ ಕ್ರೈಸ್ತರಿಂದ ಏನೂ ಆಗುವುದಿಲ್ಲವೆಂದು ಇದರಿಂದ ತೀರ್ಮಾನಿಸಬಾರದು. ಅರ್ಥಶಾಸ್ತ್ರಜ್ಞ ಬ್ರೂಸ್ ವೈಡಿಕ್ ಮತ್ತು ಸಂಗಡಿಗರು ಕಂಪ್ಯಾಷನ್ ಇಂಟರ್‌ನ್ಯಾಷನಲ್ ಎಂಬ ಕ್ರೈಸ್ತ ಸಂಸ್ಥೆಯ ಮಕ್ಕಳ ಪ್ರಾಯೋಜನೆಯನ್ನು ಭಾರತವೂ ಸೇರಿದಂತೆ ಆರು ದೇಶಗಳ 10,144 ಜನರ ಮಾಹಿತಿಯಿಂದ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಪ್ರಾಯೋಜಿತ ಮಕ್ಕಳು ಉಳಿದವರಿಗಿಂತ ಸರಾಸರಿ ಒಂದರಿಂದ ಒಂದೂವರೆ ವರ್ಷದಷ್ಟು ಹೆಚ್ಚು ಓದಿದ್ದರು, ದೊಡ್ಡವರಾದ ಮೇಲೆ ಸಂಬಳದ ಕೆಲಸ ಹಿಡಿಯುವ ಸಾಧ್ಯತೆಯೂ ಹೆಚ್ಚಿತ್ತು. ಕೊಡುವವರು ದೂರದಲ್ಲಿದ್ದರು, ಮಗುವಿನ ಜೊತೆ ವರ್ಷಗಟ್ಟಲೆ ಇದ್ದದ್ದು ಅದೇ ಊರಿನ ಸಭೆ. ಸಮಾರ್ಯದವನು ಮತ್ತು ಛತ್ರದವನ ನಡುವಿನ ಕೆಲಸದ ಹಂಚಿಕೆ ಇಲ್ಲಿದೆ.

ಮತಾಂತರದ ಪ್ರಶ್ನೆಯನ್ನು ಬಿಟ್ಟು ಈ ವಿಷಯ ಮಾತನಾಡುವುದು ಪ್ರಾಮಾಣಿಕವಲ್ಲ. ಹಸಿದವನಿಗೆ ಅನ್ನ ಕೊಡುವ ಕೈಯೇ ಧರ್ಮವನ್ನೂ ಚಾಚಿದರೆ ಅವನ ಒಪ್ಪಿಗೆಗೆ ಬೆಲೆಯೇನು ಎಂದು ಕೇಳುವವರ ಕಾಳಜಿ ನ್ಯಾಯವಾದದ್ದು. ಕ್ರೈಸ್ತ ಸಂಸ್ಥೆಗಳೇ ಇದನ್ನು ಒಪ್ಪಿವೆ. 1994ರಲ್ಲಿ ರೆಡ್ ಕ್ರಾಸ್ ಜೊತೆ ಸೇರಿ ರೂಪಿಸಿದ ವಿಪತ್ತು ಪರಿಹಾರದ ನೀತಿಸಂಹಿತೆಯಲ್ಲಿ, ಯಾವುದೇ ಧಾರ್ಮಿಕ ನಿಲುವನ್ನು ಮುಂದೊತ್ತಲು ನೆರವನ್ನು ಬಳಸಬಾರದೆಂಬ ನಿಯಮವಿದೆ. ಕಾರಿತಾಸ್, ಲೂಥರನ್ ವರ್ಲ್ಡ್ ಫೆಡರೇಷನ್, ಚರ್ಚುಗಳ ವಿಶ್ವಮಂಡಳಿ ಅದರ ಹಿಂದಿದ್ದವು. ಇನ್ನೊಂದೆಡೆ, ಫಿಲಿಪೀನ್ಸ್‌ನ 6,000ಕ್ಕೂ ಹೆಚ್ಚು ಕಡುಬಡ ಕುಟುಂಬಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವೊಂದು, ಸ್ಥಳೀಯ ಪಾಸ್ಟರುಗಳು ಕೊಟ್ಟ ಧಾರ್ಮಿಕ ಬೋಧೆಯಿಂದ ಆರು ತಿಂಗಳ ನಂತರ ಕುಟುಂಬದ ಆದಾಯ ಶೇಕಡ 9ರಷ್ಟು ಏರಿದ್ದನ್ನು ಕಂಡಿತು. ಊಟದ ಖರ್ಚಾಗಲಿ ಆಸ್ತಿಯಾಗಲಿ ಏರಲಿಲ್ಲ, ತಮ್ಮ ನೆರೆಯವರೊಡನೆ ಹೋಲಿಸಿ ತಾವು ಇನ್ನೂ ಕೆಳಗಿದ್ದೇವೆಂಬ ಭಾವನೆ ಮಾತ್ರ ಹೆಚ್ಚಿತು. ಧರ್ಮ ಬಡವರ ಮೇಲೆ ಪರಿಣಾಮ ಬೀರುತ್ತದೆ, ಆ ಪರಿಣಾಮ ಸರಳವಾದದ್ದಲ್ಲ ಎಂದಷ್ಟೇ ಇದರಿಂದ ಹೇಳಬಹುದು. ನಮ್ಮ ದೇಶದಲ್ಲಿ, ನೆರವಿನ ಹಿಂದೆ ಮತಾಂತರವಿದೆ ಎಂಬ ಗುಮಾನಿಯ ಬೆಲೆಯನ್ನು ಮಕ್ಕಳು ತೆತ್ತಿದ್ದಾರೆ. ವಿದೇಶಿ ಹಣಕ್ಕೆ ಪೂರ್ವಾನುಮತಿಯ ಷರತ್ತು ಬಂದ ಮೇಲೆ ಕಂಪ್ಯಾಷನ್ ಸಂಸ್ಥೆ 2017ರ ಮಾರ್ಚಿನಲ್ಲಿ ಭಾರತದ ಕೆಲಸ ನಿಲ್ಲಿಸಿತು, ಲಕ್ಷಕ್ಕೂ ಹೆಚ್ಚು ಮಕ್ಕಳ ನೆರವು ನಿಂತಿತು. ಗುಮಾನಿಗೆ ಉತ್ತರ ಕೊಡುವ ದಾರಿಯೂ ಲೆಕ್ಕದ್ದೇ. ಯಾರಿಗೆ ಕೊಟ್ಟೆವು, ಕೂಟಕ್ಕೆ ಬಾರದವರಿಗೂ ಕೊಟ್ಟೆವೇ, ಬಿಟ್ಟುಹೋದವರಿಗೆ ಕೊಡುವುದನ್ನು ನಿಲ್ಲಿಸಿದೆವೇ ಎಂಬುದನ್ನು ಅದೇ ಊರಿನ ಬೇರೆ ಧರ್ಮದವರೂ ಓದಿ ನೋಡುವಂತೆ ತೆರೆದಿಟ್ಟರೆ ವಾದಕ್ಕೆ ನೆಲ ಸಿಗುತ್ತದೆ.

ಹೋಗಲೇಬೇಕಾದ ಸಂದರ್ಭಗಳೂ ಇವೆ. ಊರಿನಲ್ಲಿ ಇಲ್ಲದ ಕೌಶಲವನ್ನು ಕೊಂಡೊಯ್ಯುವವರು ಹೋಗಬೇಕು. ಮರ್ಸಿ ಶಿಪ್ಸ್ ಎಂಬ ಕ್ರೈಸ್ತ ಸಂಸ್ಥೆಯ ಆಸ್ಪತ್ರೆ ಹಡಗುಗಳು ಆಫ್ರಿಕದ ಬಂದರುಗಳಿಗೆ ಅಲ್ಲಿನ ಸರ್ಕಾರ ಕರೆದಾಗ ಹೋಗಿ, ತಿಂಗಳುಗಟ್ಟಲೆ ಲಂಗರು ಹಾಕಿ ಶಸ್ತ್ರಚಿಕಿತ್ಸೆ ನಡೆಸುತ್ತವೆ, ಅಲ್ಲಿನ ವೈದ್ಯರಿಗೆ ತರಬೇತಿ ಕೊಡುತ್ತವೆ. ಒಬ್ಬ ಶಸ್ತ್ರವೈದ್ಯ ಅದರಲ್ಲಿ ಎರಡೇ ವಾರ ಇರಬಹುದು. ಅವನು ಹೋದ ಮೇಲೆ ಹೊಲಿಗೆ ನೋಡಿಕೊಳ್ಳುವವರು ಇರುತ್ತಾರೆ, ಆದ್ದರಿಂದ ಅವನ ಅವಧಿ ಚಿಕ್ಕದಾದರೂ ಕೆಲಸದ ಅವಧಿ ಚಿಕ್ಕದಲ್ಲ.

ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ನಮ್ಮ ಸಭೆಗಳಿಂದಲೂ ಯುವಜನರ ತಂಡಗಳು ಬಡ ಊರುಗಳಿಗೆ ಹೋಗುತ್ತವೆ, ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮಕ್ಕಳು ಅಲ್ಲಿನ ಚರ್ಚುಗಳ ಜೊತೆ ಹೊರದೇಶಕ್ಕೆ ಹೊರಡುತ್ತಾರೆ. ಅವರನ್ನು ತಡೆಯಬೇಕೆಂದು ನಾನು ಕೇಳುತ್ತಿಲ್ಲ, ಕ್ರಮ ಬದಲಿಸಬೇಕೆಂದು ಕೇಳುತ್ತಿದ್ದೇನೆ. ಹೋಗುವ ಮೊದಲು ಆ ಊರಿನ ಸಭೆ ಅಥವಾ ಸಂಘ ಇಂಥ ಕೆಲಸಕ್ಕೆ ಇಷ್ಟು ಜನ ಬೇಕೆಂದು ತಾನಾಗಿ ಬರೆದಿರಬೇಕು, ಜನ ಬೇಡ ಹಣ ಸಾಕು ಎಂದು ಬರೆಯಲು ಅದಕ್ಕೆ ಹೆದರಿಕೆ ಇರಬಾರದು. ಪ್ರಯಾಣಕ್ಕೆ ಎಷ್ಟು ಕೂಡಿಸಿದರೋ ಅಷ್ಟನ್ನು ಆ ಊರಿನವರ ತೀರ್ಮಾನಕ್ಕೂ ಬಿಡಬೇಕು. ಮೇಸ್ತ್ರಿ, ಗಾರೆಯವರು, ಕೂಲಿಯವರು ಊರಿನವರೇ ಆಗಿರಬೇಕು, ಬಂದವರು ಅವರ ಕೈಕೆಳಗೆ ದುಡಿಯಬೇಕು. ಹಿಂದಿರುಗಿ ಬಂದು ತಮ್ಮ ಸಭೆಯಲ್ಲಿ ಸಾಕ್ಷಿ ಹೇಳುವ ಮೊದಲು ವರದಿಯನ್ನು ಆ ಊರಿನಲ್ಲೇ, ಆ ಊರಿನ ಭಾಷೆಯಲ್ಲಿ, ನೆರವು ಪಡೆದ ಕುಟುಂಬಗಳ ಎದುರು ಓದಬೇಕು, ಅವರು ತಿದ್ದಿದ್ದನ್ನು ತಿದ್ದಿಕೊಂಡು ತರಬೇಕು. ಆ ವರದಿಯಲ್ಲಿ ಒಟ್ಟು ಖರ್ಚಿನಲ್ಲಿ ಊರೊಳಗೆ ಉಳಿದ ಹಣ ಎಷ್ಟು, ಊರಿನವರಿಗೆ ಸಂದ ಕೂಲಿದಿನ ಎಷ್ಟು, ಮನೆಯ ಜಾಗದ ಪತ್ರ ಯಾರ ಹೆಸರಿನಲ್ಲಿದೆ, ಪಟ್ಟಿಯಿಂದ ಬಿಟ್ಟುಹೋದ ಮನೆ ಯಾವುದು ಮತ್ತು ಏಕೆ, ಹೋದ ವರ್ಷ ಕೊಟ್ಟದ್ದರಲ್ಲಿ ಇನ್ನೂ ಬಳಕೆಯಲ್ಲಿರುವುದು ಏನು, ಮುಂದಿನ ವರ್ಷ ಇದನ್ನೆಲ್ಲ ನೋಡಲು ಯಾರು ಯಾವ ತಿಂಗಳು ಬರುತ್ತಾರೆ ಎಂಬುದು ಬರೆದಿರಬೇಕು.